ಕಾರ್ಡ್ ನಮ್ಮದು, ದಾರಿ ಯಾರದು?

‘ವೀಸಾ’ ಎಂದರೆ ಸಾಲ ಕೊಡುವ ಬ್ಯಾಂಕ್ ಎಂದೇ ನನ್ನ ಅನೇಕ ಗೆಳೆಯರು ತಿಳಿದಿದ್ದಾರೆ. ವಾಸ್ತವವಾಗಿ ಅದು ಸಾಲವನ್ನೂ ಕೊಡುವುದಿಲ್ಲ, ಕಾರ್ಡನ್ನೂ ಕೊಡುವುದಿಲ್ಲ. ನಮ್ಮ ಬ್ಯಾಂಕಿಗೂ ಅಂಗಡಿಯವರ ಬ್ಯಾಂಕಿಗೂ ನಡುವಿನ ದಾರಿ ಅದು. ಆ ದಾರಿಗೆ ಟೋಲ್ ಇದೆ.

1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ, ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ ಸುಮಾರು 60 ಸಾವಿರ ಮಂದಿಗೆ, ಅವರು ಕೇಳದಿದ್ದರೂ, ಅಂಚೆಯಲ್ಲಿ ಕಾರ್ಡ್ ಕಳಿಸಿತು. ವಂಚನೆ, ಬಾಕಿಯಿಂದ ಆರಂಭದಲ್ಲಿ ಭಾರೀ ನಷ್ಟವಾಯಿತು. 1970ರಲ್ಲಿ ಡೀ ಹಾಕ್ ನೇತೃತ್ವದಲ್ಲಿ ಅದು ಹಲವು ಬ್ಯಾಂಕ್‌ಗಳ ಜಂಟಿ ಸಂಸ್ಥೆಯಾಯಿತು. 1976ರಲ್ಲಿ ‘ವೀಸಾ’ ಎಂಬ ಹೆಸರು ಪಡೆಯಿತು. 2008ರಲ್ಲಿ ಷೇರುಪೇಟೆಗೆ ಬಂತು.

ಈ ದಾರಿಯನ್ನು ಮುಚ್ಚಲೂಬಹುದು ಎಂಬುದು 2022ರ ಮಾರ್ಚ್‌ನಲ್ಲಿ ಜಗತ್ತಿಗೆ ತಿಳಿಯಿತು. ಉಕ್ರೇನ್ ಮೇಲಿನ ದಾಳಿಯ ಬಳಿಕ ವೀಸಾ, ಮಾಸ್ಟರ್‌ಕಾರ್ಡ್ ಎರಡೂ ರಷ್ಯಾದಲ್ಲಿ ಸೇವೆ ನಿಲ್ಲಿಸಿದವು. ರಷ್ಯಾದ ಬ್ಯಾಂಕ್‌ಗಳು ಕೊಟ್ಟ ಅವುಗಳ ಕಾರ್ಡ್‌ಗಳು ಹೊರದೇಶದಲ್ಲಿ ನಿರುಪಯುಕ್ತವಾದವು. ದೇಶದೊಳಗೆ ಮಾತ್ರ ನಡೆದವು; 2014ರ ನಿರ್ಬಂಧಗಳ ನಂತರ ರಷ್ಯಾ ಸ್ವಂತ ಜಾಲ ಕಟ್ಟಿಕೊಂಡಿತ್ತು. ಆ ಯುದ್ಧವನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಪಾವತಿಯ ದಾರಿ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಎಲ್ಲ ದೇಶಗಳದ್ದೂ ಹೌದು.

ನಮ್ಮಲ್ಲಿ 2012ರಲ್ಲಿ ರುಪೇ, 2016ರಲ್ಲಿ ಯುಪಿಐ ಬಂದವು. 2020ರ ಜನವರಿಯಿಂದ ಯುಪಿಐ ಹಾಗೂ ರುಪೇ ಡೆಬಿಟ್ ಕಾರ್ಡ್ ಪಾವತಿಗೆ ವ್ಯಾಪಾರಿ ಶುಲ್ಕವನ್ನು ತೆಗೆದುಹಾಕಲಾಯಿತು. ಖರ್ಚಿನ ಒಂದು ಪಾಲನ್ನು ಕೇಂದ್ರ ಸರ್ಕಾರ ಪ್ರೋತ್ಸಾಹಧನವಾಗಿ ಕೊಡುತ್ತಾ ಬಂದಿದೆ. ಸ್ವಂತ ದಾರಿಗೂ ನಿರ್ವಹಣೆ ಬೇಕಲ್ಲವೇ? ಆ ಹೊರೆ ಬೀದಿಬದಿಯ ಸಣ್ಣ ಅಂಗಡಿಯವರ ಮೇಲೆ ಬೀಳದಂತೆ, ದೊಡ್ಡ ವ್ಯಾಪಾರಿಗಳಿಂದ ಅಲ್ಪ ಶುಲ್ಕ ಪಡೆಯುವುದೇ ಸೂಕ್ತ ಎಂಬುದು ನನ್ನ ಅನಿಸಿಕೆ.