ಹಾವಿಗೂ ಬಂತು ರೇಷನ್ ಕಾರ್ಡು!

ಹೌದು ಸ್ವಾಮಿ, ತಮಾಷೆಯಲ್ಲ. ಮನೆಯಲ್ಲಿ ಸಾಕುವ ವಿದೇಶಿ ಹಾವು, ಓತಿ, ಆಮೆಗಳಿಗೂ ಈಗ ಸರಕಾರದ ಕಾಗದ ಬೇಕು. ಮರಿ ಹಾಕಿದರೆ ಬರೆಸಬೇಕು, ಸತ್ತರೆ ಬರೆಸಬೇಕು, ಕೈ ಬದಲಾದರೆ ಬರೆಸಬೇಕು. ಹೆಚ್ಚೂ ಕಡಿಮೆ ನಮ್ಮ ನಿಮ್ಮ ರೇಷನ್ ಕಾರ್ಡಿನ ಕಟ್ಟಳೆಯೇ ಅವಕ್ಕೂ.

"ಅದೆಲ್ಲ ಬೆಂಗಳೂರಿನ ದುಡ್ಡಿದ್ದೋರ ಶೋಕಿ, ಕೋಲಾರಕ್ಕೂ ಅದಕ್ಕೂ ಏನು ಸಂಬಂಧ?" ಅಂತ ಕೇಳೋರು ಇದ್ದಾರೆ. ಸಂಬಂಧ ಇದೆ. ನಮ್ಮ ಒಂದು ಮಗ್ಗುಲಿಗೆ ಆಂಧ್ರದ ಗಡಿಯವರೆಗೂ ಹಬ್ಬಿದ ಒಣ ಕುರುಚಲು ಕಾಡು. ನಕ್ಷತ್ರ ಆಮೆಯ ತವರು ಇಂಥ ಜಾಗವೇ. ಇನ್ನೊಂದು ಮಗ್ಗುಲಿಗೆ ದೇವನಹಳ್ಳಿಯ ವಿಮಾನ ನಿಲ್ದಾಣ. ಇಲ್ಲಿಯ ಆಮೆ ಕದ್ದು ಹೋಗೋದೂ ಒಂದು ವ್ಯಾಪಾರ, ಅಲ್ಲಿಯ ಹಾವು ಕದ್ದು ಬರೋದೂ ಒಂದು ವ್ಯಾಪಾರ. ನಡುವೆ ಕೂತಿರೋರು ನಾವು.

ಸೂಟ್‌ಕೇಸಿನಲ್ಲಿ ಅನಕೊಂಡ

ವಿಮಾನ ನಿಲ್ದಾಣದ ಕಸ್ಟಮ್ಸ್‌ನವರ ಕೈಗೆ ಸಿಕ್ಕಿದ್ದನ್ನು ಸ್ವಲ್ಪ ನೋಡಿ. 2023ರ ಆಗಸ್ಟಿನಲ್ಲಿ ಬ್ಯಾಂಕಾಕಿನಿಂದ ಇಳಿದ ಒಬ್ಬ ಪ್ರಯಾಣಿಕನ ಸಾಮಾನಿನಲ್ಲಿ 234 ಜೀವಿಗಳು. ಹೆಬ್ಬಾವು, ಊಸರವಳ್ಳಿ, ಇಗ್ವಾನಾ, ಆಮೆ, ಸಾಲದ್ದಕ್ಕೆ ಸತ್ತುಹೋಗಿದ್ದ ಒಂದು ಕಾಂಗರೂ ಮರಿ. ಮರುತಿಂಗಳೇ ಬ್ಯಾಂಕಾಕಿನಿಂದಲೇ ಬಂದು ವಾರಸುದಾರರಿಲ್ಲದೆ ಬಿದ್ದಿದ್ದ ಸಾಮಾನಿನಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, ಆರು ಮಂಗ. ಮಂಗಗಳು ಸತ್ತಿದ್ದವು. 2024ರ ಏಪ್ರಿಲ್‌ನಲ್ಲಿ ಮತ್ತೊಂದು ಸೂಟ್‌ಕೇಸು, ಅದರಲ್ಲಿ ಹತ್ತು ಹಳದಿ ಅನಕೊಂಡ.

ಕೊಳ್ಳೋರು ಇಲ್ಲದೆ ಯಾರಾದರೂ ಇಷ್ಟು ದೂರದಿಂದ ಹಾವು ಹೊತ್ತು ತರುತ್ತಾರೆಯೇ? ಮಾಲು ಇಳಿದ ಮೇಲೆ ಅದು ಯಾವುದೋ ಅಂಗಡಿಯ ಹಿಂಬಾಗಿಲಿಗೆ, ಯಾವುದೋ ಮನೆಯ ಗಾಜಿನ ಪೆಟ್ಟಿಗೆಗೆ ಸೇರಬೇಕು. ಆ ದಾರಿಗೆ ಅಡ್ಡಗಟ್ಟೆ ಹಾಕೋದಕ್ಕೇ ಈ ಕಾಗದದ ಕಾನೂನು.

ನಮ್ಮದಕ್ಕೆ ಒಂದು ಕಾನೂನು, ಹೊರಗಿನದಕ್ಕೆ ಇನ್ನೊಂದು

ಮೊದಲು ನಮ್ಮ ನೆಲದ ಪ್ರಾಣಿಗಳ ವಿಷಯ. ನಕ್ಷತ್ರ ಆಮೆ, ಹೆಬ್ಬಾವು, ನಾಗರಹಾವು, ಉಡ ಇವನ್ನೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಯುತ್ತದೆ. ಇವನ್ನು ಹಿಡಿಯುವಂತಿಲ್ಲ, ಮಾರುವಂತಿಲ್ಲ, ಅಂಗಡಿಯಲ್ಲಿ ಕೊಂಡು ಮನೆಯಲ್ಲಿ ಸಾಕುವಂತಿಲ್ಲ. "ಪರ್ಮಿಟ್ ಮಾಡಿಸಿಕೊಡ್ತೀನಿ, ಮೇಲೆ ಎರಡು ಸಾವಿರ ಕೊಡಿ" ಅಂತ ಯಾರಾದರೂ ಹೇಳಿದರೆ ಟೋಪಿ ಹಾಕ್ತಿದ್ದಾರೆ ಅಂತಲೇ ಲೆಕ್ಕ.

ಇಲ್ಲೊಂದು ಗೊಂದಲ ಇದೆ, ಹಳೇ ವ್ಯಾಪಾರಿಗಳು ಗಮನಿಸಬೇಕು. ಮೊದಲು ನಕ್ಷತ್ರ ಆಮೆ ಇದ್ದದ್ದು ಕಾಯ್ದೆಯ ನಾಲ್ಕನೇ ಷೆಡ್ಯೂಲಿನಲ್ಲಿ. 2022ರ ತಿದ್ದುಪಡಿ ಷೆಡ್ಯೂಲುಗಳನ್ನೇ ಕಲಸಿ ಹೊಸದಾಗಿ ಹಂಚಿತು. ಅದು ಜಾರಿಗೆ ಬಂದದ್ದು 2023ರ ಏಪ್ರಿಲ್ 1ಕ್ಕೆ. ಈಗ ನಮ್ಮ ಆಮೆ ಒಂದನೇ ಷೆಡ್ಯೂಲಿಗೆ, ಅಂದರೆ ಹುಲಿ, ಆನೆಯ ಸಾಲಿಗೆ ಏರಿದೆ. ನಾಲ್ಕನೇ ಷೆಡ್ಯೂಲಿನಲ್ಲಿ ಈಗ ಇರೋದು ಸೈಟ್ಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯ ಜೀವಿಗಳು. ನಂಬರು ಅದೇ, ಒಳಗಿನ ಮಾಲು ಬೇರೆ. "ನಾಲ್ಕನೇ ಷೆಡ್ಯೂಲು ತಾನೇ, ಏನೂ ಆಗಲ್ಲ" ಅಂತ ಹಳೇ ಧೈರ್ಯದಲ್ಲಿ ಕೂತರೆ ಕೆಟ್ಟಿರಿ. ಒಂದನೇ ಷೆಡ್ಯೂಲಿನ ಪ್ರಾಣಿಯ ಅಪರಾಧಕ್ಕೆ ಶಿಕ್ಷೆ ಮೂರರಿಂದ ಏಳು ವರ್ಷ ಜೈಲು. ಜತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ.

ಇನ್ನು ವಿದೇಶಿ ಪ್ರಾಣಿಗಳು. ಕಾಡುಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟ್ಸ್ ಒಪ್ಪಂದಕ್ಕೆ ಭಾರತ ಸೇರಿದ್ದು 1976ರಲ್ಲಿ. ಆದರೆ ಒಳಗೆ ಬಂದುಬಿಟ್ಟ ವಿದೇಶಿ ಪ್ರಾಣಿಯನ್ನು ಕೇಳೋ ಕಾನೂನು ಬಹಳ ವರ್ಷ ನಮ್ಮಲ್ಲಿ ಸರಿಯಾಗಿ ಇರಲಿಲ್ಲ. ವಿಮಾನ ನಿಲ್ದಾಣ ದಾಟಿದರೆ ಮುಗಿಯಿತು, ಹಾವು ಕಾನೂನಿನ ಕಣ್ಣಿಗೆ ಮಾಯ. 2022ರ ತಿದ್ದುಪಡಿ ಆ ತೂತು ಮುಚ್ಚಿತು. ಅದರ ಮೇಲೆ 2024ರ ಫೆಬ್ರವರಿಯಲ್ಲಿ ನೋಂದಣಿ ನಿಯಮಗಳು ಬಂದವು.

ನಿಯಮದ ಸಾರ ಇಷ್ಟೆ. ಪಟ್ಟಿಯಲ್ಲಿರುವ ಪ್ರಾಣಿ ಆಗಲೇ ಮನೆಯಲ್ಲಿದ್ದವರಿಗೆ ಆರು ತಿಂಗಳ ಗಡುವು ಕೊಟ್ಟರು. ಆಮೇಲೆ ಪಡೆದವರು ಕೈಗೆ ಬಂದ 30 ದಿನದೊಳಗೆ ಪರಿವೇಶ್ ಎಂಬ ಸರಕಾರಿ ಪೋರ್ಟಲ್ಲಿನಲ್ಲಿ ಅರ್ಜಿ ಹಾಕಬೇಕು. ಫೀಸು ಸಾವಿರ ರೂಪಾಯಿ, ವಾಪಸು ಬರೋದಿಲ್ಲ. ನೋಡಿ ನೋಂದಾಯಿಸುವವರು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು. ಬಾಲ್ ಪೈಥಾನ್, ಹಸಿರು ಇಗ್ವಾನಾ ಈ ಪಟ್ಟಿಯಲ್ಲಿವೆ. ಕೊಟ್ಟರೂ, ಮರಿಯಾದರೂ, ಸತ್ತರೂ ತಿಳಿಸಬೇಕು. ಹಾಗೆ ಮಾಡದೆ ಇಟ್ಟುಕೊಳ್ಳುವಂತಿಲ್ಲ, ಕೈ ದಾಟಿಸುವಂತಿಲ್ಲ, ಮರಿ ಮಾಡಿಸುವಂತಿಲ್ಲ.

ಸತ್ತವರ ಹೆಸರಲ್ಲಿ ಅಕ್ಕಿ

"ಹಾವು ಸತ್ತರೆ ಅದನ್ನೂ ಸರಕಾರಕ್ಕೆ ಹೇಳಬೇಕೇ?" ಅಂತ ನಗೋರಿಗೆ ಉತ್ತರ ನಮ್ಮ ನ್ಯಾಯಬೆಲೆ ಅಂಗಡಿಯಲ್ಲೇ ಇದೆ. ಅಜ್ಜಿ ತೀರಿಕೊಂಡು ವರ್ಷವಾಗಿರುತ್ತೆ, ಕಾರ್ಡಿನಲ್ಲಿ ಹೆಸರು ಹಾಗೇ ಇರುತ್ತೆ, ತಿಂಗಳು ತಿಂಗಳು ಅಕ್ಕಿ ಬರುತ್ತಾ ಇರುತ್ತೆ. ಹಾವಿನ ಕಾಗದದಲ್ಲೂ ಇದೇ ಆಟ ಆಡಬಹುದು. ಒಂದು ಹೆಬ್ಬಾವಿಗೆ ನೋಂದಣಿ ಮಾಡಿಸಿದ ವ್ಯಾಪಾರಿ, ಅದು ಸತ್ತಾಗ ಸುಮ್ಮನಿದ್ದುಬಿಡುತ್ತಾನೆ. ಸೂಟ್‌ಕೇಸಿನಲ್ಲಿ ಬಂದ ಇನ್ನೊಂದು ಹಾವು ಅದರ ಜಾಗಕ್ಕೆ ಬರುತ್ತದೆ. ಕಾಗದ ಅದೇ, ಹಾವು ಬೇರೆ. ಕೇಳಿದರೆ "ದಾಖಲೆ ಇದೆ ಸಾರ್" ಅನ್ನುತ್ತಾನೆ.

ಹುಟ್ಟಿನ ಲೆಕ್ಕದಲ್ಲೂ ಅಷ್ಟೆ. ಕದ್ದು ತಂದ ಹತ್ತು ಮರಿಯನ್ನು "ನಮ್ಮಲ್ಲೇ ಮೊಟ್ಟೆ ಒಡೆದದ್ದು" ಅಂತ ಬರೆಸಿದರೆ ಅವು ರಾತ್ರೋರಾತ್ರಿ ಶುದ್ಧ. ಆದ್ದರಿಂದ ಈ ಕಾನೂನಿನ ಜೀವ ಇರೋದು ಮೊದಲ ದಿನದ ನೋಂದಣಿಯಲ್ಲಿ ಅಲ್ಲ, ಆಮೇಲಿನ ಹುಟ್ಟು ಸಾವಿನ ಲೆಕ್ಕದಲ್ಲಿ. ಅದನ್ನು ಸ್ಥಳಕ್ಕೆ ಹೋಗಿ ತಾಳೆ ನೋಡೋರು ಇಲ್ಲದಿದ್ದರೆ ಕಾಗದ ಕಳ್ಳನಿಗೇ ರಕ್ಷೆ.

ಮೊದಲ ಹೆಜ್ಜೆಯಲ್ಲೇ ಸರಕಾರ ಒಂದು ಸಡಿಲ ಬಿಟ್ಟಿತ್ತು ಅನ್ನೋದನ್ನೂ ಹೇಳಬೇಕು. 2020ರ ಜೂನ್‌ನಲ್ಲಿ ಕೇಂದ್ರದ ಪರಿಸರ ಮಂತ್ರಾಲಯ, ವಿದೇಶಿ ಪ್ರಾಣಿ ಇರೋರು ಆರು ತಿಂಗಳೊಳಗೆ ತಾವಾಗಿ ಹೇಳಿಕೊಂಡರೆ ದಾಖಲೆ ಕೇಳೋದಿಲ್ಲ ಅಂದಿತು. ಹೆದರಿ ಬಚ್ಚಿಟ್ಟೋರು ಹೊರಗೆ ಬರಲಿ ಅನ್ನೋ ಉದ್ದೇಶ ಸರಿಯೇ. ಆದರೆ ನ್ಯಾಯವಾಗಿ ಬಂದದ್ದೂ ಕಳ್ಳದಾರಿಯಲ್ಲಿ ಬಂದದ್ದೂ ಒಂದೇ ಪುಸ್ತಕದಲ್ಲಿ ಪಕ್ಕಪಕ್ಕ ಕೂರುವ ಹಾಗಾಯಿತು. ಅದಕ್ಕೇ ಮುಂದಿನ ಲೆಕ್ಕ ಇನ್ನೂ ಬಿಗಿಯಾಗಿರಬೇಕು ಅನ್ನೋದು.

ಅಂಗಡಿಯವರಿಗೆ ಒಂದು ಮಾತು

ಸಾಕುಪ್ರಾಣಿ ಅಂಗಡಿಗೆ 2018ರ ನಿಯಮಗಳಿವೆ. ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಬೇಕು, ಬಂದದ್ದು ಹೋದದ್ದರ ಪುಸ್ತಕ ಇಡಬೇಕು. ಆ ಸರ್ಟಿಫಿಕೇಟನ್ನು ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿಕೊಂಡು "ನಮಗೆ ಲೈಸೆನ್ಸಿದೆ" ಅಂತ ನೆಮ್ಮದಿಯಾಗಿ ಇರಬೇಡಿ. ಆ ನಿಯಮ ಹೆಸರಿಸೋದು ನಾಯಿ, ಬೆಕ್ಕು, ಮೊಲ, ಹಕ್ಕಿ ಇಂಥವನ್ನು. ಅದರ ಬಲದ ಮೇಲೆ ಹಾವು, ಆಮೆ ಮಾರೋ ಹಾಗಿಲ್ಲ. ಅರಣ್ಯದ ಕಾನೂನು ಬೇರೆ, ಅದರ ಕಾಗದ ಬೇರೆ.

ನಾಳೆ ಫಾರೆಸ್ಟಿನವರು ಬಂದರೆ ಮೊದಲು ಸಿಕ್ಕಿಬೀಳೋದು ಕಳ್ಳಸಾಗಣೆಯ ದೊಡ್ಡ ಕುಳ ಅಲ್ಲ. ಅಂಗಡಿಯಲ್ಲಿ ಕೂತ ನೀವು, ಮತ್ತೆ ಮಗನ ಹುಟ್ಟುಹಬ್ಬಕ್ಕೆ ಕೊಂಡುಹೋದ ಗಿರಾಕಿ. 2023ರ ಅಕ್ಟೋಬರಿನ ಹುಲಿ ಉಗುರಿನ ಗಲಾಟೆ ನೆನಪಿದೆಯಲ್ಲ? ಕೊರಳಲ್ಲಿ ಹಾಕಿಕೊಂಡು ತಿರುಗಿದವರನ್ನು ಕಾನೂನು ಹೇಗೆ ಕೇಳಿತು ಅಂತ ಇಡೀ ರಾಜ್ಯ ನೋಡಿತು. "ನಂಗೆ ಗೊತ್ತಿರಲಿಲ್ಲ" ಅನ್ನೋದಕ್ಕೆ ಅಲ್ಲಿ ರಸೀತಿ ಸಿಗೋದಿಲ್ಲ.

ಕೊಳ್ಳೋರು ಮೂರು ಕೇಳಿ. ಪ್ರಾಣಿಯ ಶಾಸ್ತ್ರೀಯ ಹೆಸರು ಬರೆದ ಬಿಲ್ಲು ಎಲ್ಲಿ? ನೋಂದಣಿಯ ಕಾಗದ ಎಲ್ಲಿ? ನನ್ನ ಹೆಸರಿಗೆ ವರ್ಗಾವಣೆ ಯಾವಾಗ? ಮೂರರಲ್ಲಿ ಒಂದಕ್ಕೆ "ಆಮೇಲೆ ಕೊಡ್ತೀನಿ" ಅಂದರೂ ಬಸ್ಸು ಹತ್ತಿ ಮನೆಗೆ ಹೋಗಿ. ವಾಸ್ತುವಿಗೆ ಆಮೆ ಬೇಕೇ? ಹಿತ್ತಾಳೆಯದು ಇಟ್ಟುಕೊಳ್ಳಿ, ಅದಕ್ಕೆ ಯಾರೂ ಕೇಸು ಹಾಕೋದಿಲ್ಲ.

ಇನ್ನೊಂದು. ಹೆದರಿಕೊಂಡೋ ಬೇಜಾರಾಗಿಯೋ ಪ್ರಾಣಿಯನ್ನು ಕೆರೆಗೆ ಬಿಡಬೇಡಿ. ಮೀನಿನ ಅಂಗಡಿಯಲ್ಲಿ ನಾಣ್ಯದಗಲ ಇದ್ದ ಕೆಂಪು ಕಿವಿಯ ಅಮೆರಿಕದ ಆಮೆ, ಬೆಳೆದರೆ ಊಟದ ತಟ್ಟೆಯಗಲ ಆಗುತ್ತದೆ. ಕೆರೆ ಸೇರಿದರೆ ನಮ್ಮ ಆಮೆಗಳ ಅನ್ನಕ್ಕೇ ಕೈ ಹಾಕುತ್ತದೆ. ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರೂ ಇದೆ.

ಇಲಾಖೆಯವರಿಗೂ ಒಂದು ಮಾತು

ಪೋರ್ಟಲ್ಲು ತೆರೆದು ಕೂತರೆ ಸಾಲದು ಸ್ವಾಮಿ. ಆ ಬಾಗಿಲು ತಟ್ಟೋದು ಎಲ್ಲರಿಗೂ ಬರೋದಿಲ್ಲ. ಪಟ್ಟಿಯ ಹೆಸರು ಓದಿ ಗುರುತು ಹಿಡಿಯೋದು ಇನ್ನೂ ಕಷ್ಟ. ಮಾರುವಂತಿಲ್ಲದ ಪ್ರಾಣಿಗಳ ಚಿತ್ರ ಹಾಕಿ, ಕನ್ನಡದಲ್ಲಿ ಬರೆದು, ಪ್ರತಿ ಸಾಕುಪ್ರಾಣಿ ಅಂಗಡಿಯ ಗೋಡೆಗೂ ಬಸ್‌ಸ್ಟ್ಯಾಂಡಿಗೂ ಒಂದೊಂದು ಅಂಟಿಸಿ. ವಲಯ ಕಚೇರಿಯಲ್ಲಿ ಅರ್ಜಿ ತುಂಬಿಸಿಕೊಡಲು ವಾರಕ್ಕೊಂದು ದಿನ ಒಬ್ಬರನ್ನು ಕೂರಿಸಿ. ವರ್ಷಕ್ಕೊಮ್ಮೆ ಕಾಗದ ಕೈಲಿ ಹಿಡಿದು ಪೆಟ್ಟಿಗೆಯೊಳಗಿನ ಹಾವನ್ನು ಎಣಿಸಿ.

ಸತ್ತ ಅಜ್ಜಿಯ ಹೆಸರಲ್ಲಿ ಅಕ್ಕಿ ಹೋದರೆ ಸರಕಾರಕ್ಕೆ ಕೆಲವು ಕಿಲೋ ನಷ್ಟ. ಸತ್ತ ಹಾವಿನ ಹೆಸರಲ್ಲಿ ಹೊಸ ಹಾವು ಬಂದರೆ, ಬ್ಯಾಂಕಾಕಿನಿಂದ ಮತ್ತೊಂದು ಸೂಟ್‌ಕೇಸು ಹೊರಟಿದೆ ಅಂತಲೇ ಅರ್ಥ. ಎಣಿಸೋರು ಬರುವ ತನಕ ಅದು ಹೊರಡುತ್ತಲೇ ಇರುತ್ತದೆ.