ಪ್ರಥಮಾನುಯೋಗವು ಮಕ್ಕಳ ಕಥೆಯೇ?

ನಮ್ಮ ಸಮಾಜದಲ್ಲಿ ಒಂದು ಅಭಿಪ್ರಾಯ ಬೇರೂರಿದೆ. ದ್ರವ್ಯಾನುಯೋಗವು ಪಂಡಿತರಿಗೆ, ಚರಣಾನುಯೋಗವು ವ್ರತಿಕರಿಗೆ. ಪ್ರಥಮಾನುಯೋಗವೆಂಬ ಕಥಾಭಾಗ ಮಾತ್ರ ಮಕ್ಕಳಿಗೆ ಮತ್ತು ಕಾಲಕ್ಷೇಪಕ್ಕೆ ಎಂಬುದೇ ಅದು. ಈ ಅಭಿಪ್ರಾಯವು ತಪ್ಪು ಮಾತ್ರವಲ್ಲ, ಧರ್ಮಕ್ಕೆ ಹಾನಿಕರವೂ ಹೌದು.

ಸವದತ್ತಿ ಸೀಮೆಯ ಶ್ರಾವಕರಂತೂ ಹೀಗೆ ಹೇಳಲಾಗದು. ಇಂದಿನ ಸವದತ್ತಿಯೇ ರಟ್ಟರ ಸುಗಂಧವರ್ತಿ. ಪೃಥ್ವೀರಾಮನು ಕ್ರಿ.ಶ. 875ರಲ್ಲಿ ಇಲ್ಲಿ ಜಿನಾಲಯವನ್ನು ಕಟ್ಟಿಸಿ ಭೂದಾನ ಮಾಡಿದನೆಂದು ಶಾಸನವು ಸಾರುತ್ತದೆ. ಅದೇ ರಟ್ಟರ ಆಶ್ರಯ ಪಡೆದ ಪಾರ್ಶ್ವಪಂಡಿತನು 1222ರಲ್ಲಿ ‘ಪಾರ್ಶ್ವನಾಥ ಪುರಾಣ’ವನ್ನು ರಚಿಸಿದನು. ಅರಸನು ಪೂಜೆಗೆ ಸ್ಥಳವನ್ನು ಕೊಟ್ಟನು. ಕವಿಯು ಮನೆಗೆ ಕೊಂಡೊಯ್ಯಲು ಒಂದು ಪ್ರಶ್ನೆಯನ್ನು ಕೊಟ್ಟನು.

ಆ ಪ್ರಶ್ನೆ ಯಾವುದು? ಪಾರ್ಶ್ವ ತೀರ್ಥಂಕರರ ಭವಾವಳಿಯಲ್ಲಿ ಕಮಠ, ಮರುಭೂತಿ ಎಂಬ ಅಣ್ಣತಮ್ಮಂದಿರಿದ್ದಾರೆ. ಅಪರಾಧ ಮಾಡಿ ಗಡೀಪಾರಾದ ಅಣ್ಣನು ಕಲ್ಲನ್ನೆತ್ತಿ ಹಿಡಿದು ತಪಸ್ಸಿಗೆ ನಿಲ್ಲುತ್ತಾನೆ. ಕ್ಷಮೆ ಬೇಡಿ ಬಂದ ತಮ್ಮನ ತಲೆಯ ಮೇಲೆ ಅದೇ ಕಲ್ಲನ್ನು ಹಾಕುತ್ತಾನೆ. ತಪಸ್ಸಿನ ಸಾಧನವೇ ಕೊಲೆಯ ಆಯುಧವಾಯಿತು! ಹೊಲದ ಬದುವಿಗಾಗಿ ಒಡಹುಟ್ಟಿದವನ ಮೇಲೆ ವ್ಯಾಜ್ಯ ಹೂಡಿ, ಉಪವಾಸದ ದಿನವೂ ಆ ದ್ವೇಷವನ್ನೇ ಪೋಷಿಸುವ ಗೃಹಸ್ಥನಿಗೆ ಇದು ಮಕ್ಕಳ ಕಥೆಯೇ? ಅವನ ಕೈಯಲ್ಲಿರುವುದು ವ್ರತವೋ, ಕಲ್ಲೋ?

ಜನ್ನನು 1209ರಲ್ಲಿ ಬರೆದ ‘ಯಶೋಧರ ಚರಿತೆ’ಯೂ ಹೀಗೆಯೇ ಕೆಣಕುತ್ತದೆ. ಬಲಿಯಾದುದು ಹಿಟ್ಟಿನ ಕೋಳಿ, ರಕ್ತ ಹರಿಯಲಿಲ್ಲ. ಆದರೂ ಸಂಕಲ್ಪದ ಹಿಂಸೆಯು ತಾಯಿ ಮಗನನ್ನು ಭವಭವಗಳಲ್ಲಿ ಅಲೆಸಿತು. ಗಿರೀಶ ಕಾರ್ನಾಡರು ಇದೇ ವಸ್ತುವಿನಿಂದ 1980ರಲ್ಲಿ ‘ಹಿಟ್ಟಿನ ಹುಂಜ’ ನಾಟಕವನ್ನು ಬರೆದರು. ಕಂದಮೂಲವನ್ನು ವರ್ಜಿಸಿದೆವು, ರಾತ್ರಿಭೋಜನವನ್ನು ಬಿಟ್ಟೆವು ಎಂದು ತೃಪ್ತರಾದವರನ್ನು ಈ ಕಥೆಯು ಕೇಳುತ್ತದೆ: ಕೈ ಬಿಟ್ಟುದನ್ನು ಮನಸ್ಸು ಬಿಟ್ಟಿತೇ? ನಿಯಮವು ತಟ್ಟೆಯನ್ನು ಪರೀಕ್ಷಿಸುತ್ತದೆ. ಕಥೆಯು ಉಣ್ಣುವವನನ್ನು ಪರೀಕ್ಷಿಸುತ್ತದೆ.

ಇಂತಹ ಪ್ರಶ್ನೆಗಳು ಶ್ರದ್ಧೆಯನ್ನು ಕೆಡಿಸುತ್ತವೆ, ಸಮ್ಯಗ್ದರ್ಶನಕ್ಕೆ ನಿಃಶಂಕಿತವೇ ಮೊದಲ ಅಂಗವಲ್ಲವೇ ಎಂದು ಕೆಲವರು ಆಕ್ಷೇಪಿಸುತ್ತಾರೆ. ಅವರು ಎಂಟು ಅಂಗಗಳನ್ನೂ ಎಣಿಸಲಿ. ಅವುಗಳಲ್ಲಿ ಅಮೂಢದೃಷ್ಟಿಯೂ ಒಂದು. ಜಿನವಚನದಲ್ಲಿ ಶಂಕೆಯಿರಬಾರದು, ನಿಜ. ಆದರೆ ನಮ್ಮ ನಡತೆಯು ಜಿನವಚನವಲ್ಲ. ಅದನ್ನು ಶಂಕಿಸದವನು ಶ್ರದ್ಧಾವಂತನಲ್ಲ, ಮೂಢನು.

ಬಸದಿಗಳ ವಿಶ್ವಸ್ತ ಮಂಡಳಿಗಳಿಗೆ ಒಂದು ನೇರವಾದ ಮಾತು. ದಶಲಕ್ಷಣ ಪರ್ವದ ಮೊದಲ ದಿನ ಉತ್ತಮ ಕ್ಷಮಾ. ಅಂದು ಸವಾಲಿಗೆ, ಸನ್ಮಾನಕ್ಕೆ ದೊರೆಯುವ ವೇಳೆಯಲ್ಲಿ ಅರ್ಧ ಗಂಟೆಯನ್ನು ಕಮಠನ ಕಥೆಗೆ ಕೊಡಿರಿ. ಓದಿದ ಬಳಿಕ ಶ್ರಾವಕ ಶ್ರಾವಿಕೆಯರು, ವಿಶೇಷವಾಗಿ ತರುಣರು, ಪ್ರಶ್ನಿಸಲಿ. ಆ ಪ್ರಶ್ನೆ ಮಂಡಳಿಯ ಲೆಕ್ಕಪತ್ರದ ಕಡೆಗೆ, ಪದಾಧಿಕಾರಿಗಳ ವೈಮನಸ್ಯದ ಕಡೆಗೆ ತಿರುಗಿದರೂ ತಡೆಯಬೇಡಿರಿ. ತನ್ನನ್ನು ತಟ್ಟದ ಕಥೆಯನ್ನು ಕೇಳಿ ಯಾರೂ ಬದಲಾದುದಿಲ್ಲ.

ಕ್ಷಮಾವಾಣಿಯ ದಿನ ಎಲ್ಲರಿಗೂ ಕೈಮುಗಿಯುತ್ತೇವೆ. ನ್ಯಾಯಾಲಯದಲ್ಲಿ ಎದುರಾಳಿಯಾಗಿರುವ ತಮ್ಮನ ಮನೆಗೆ ಹೋಗುವವರೆಷ್ಟು ಮಂದಿ? ಮರುಭೂತಿ ಹೋಗಿದ್ದನು.