ಚಿಂತೆಯ ಕೊಳೆಗೂ ಮಳೆಗೆ ಮುಂಚೆಯೇ ಮದ್ದು ಬೇಕು

ಮುಂಗಾರು ಹಿಡಿಯುವ ಮುನ್ನ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಸದ ಬೆಳೆಗಾರ ಆಗುಂಬೆ ಸೀಮೆಯಲ್ಲಿ ಸಿಗುವುದು ಕಷ್ಟ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಹದ ಸರಿಯಾಗಿದೆಯೇ ಎಂದು ಕತ್ತಿಯ ಅಲಗನ್ನು ಅದ್ದಿ ನೋಡುತ್ತಾನೆ. ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸುತ್ತಾನೆ. 40-45 ದಿನಕ್ಕೆ ಮಳೆಯ ಬಿಡುವು ನೋಡಿಕೊಂಡು ಎರಡನೆಯ ಸಲ ಹೊಡೆಸುತ್ತಾನೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಡಾ. ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ಕೊಳೆರೋಗವನ್ನು ಅಭ್ಯಾಸ ಮಾಡಿ ಕಲಿಸಿದ ಪಾಠವಿದು. ಕಾಯಿ ಉದುರಿದ ಮೇಲೆ ಔಷಧಿ ಹೊಡೆದು ಫಲವಿಲ್ಲ ಎಂಬುದನ್ನು ಈಗ ಮಲೆನಾಡಿನ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಇದೇ ರೈತ ತನ್ನ ಎದೆಯ ವಿಷಯದಲ್ಲಿ ಮಾತ್ರ ಕಾಯಿ ಉದುರುವ ತನಕ ಕಾಯುತ್ತಾನೆ. ಹೃದಯಕ್ಕೆ ತಗಲುವ ಕೊಳೆ ಬೀಡಿಯಿಂದ, ಉಪ್ಪಿನಿಂದ, ಸಕ್ಕರೆ ಕಾಯಿಲೆಯಿಂದ ಬರುವಂತೆ ಮನಸ್ಸಿನ ಚಿಂತೆಯಿಂದಲೂ ಬರುತ್ತದೆ ಎಂದರೆ ನಂಬುವುದೂ ಇಲ್ಲ. ಈ ಮಾತನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು.

2025ರ ಮೇ-ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹೃದಯಾಘಾತದ ಸಾವಿನ ಸುದ್ದಿ ಬಂದಾಗ ಇಡೀ ರಾಜ್ಯ ಬೆಚ್ಚಿತು. ಮೈಸೂರು, ಬೆಂಗಳೂರುಗಳ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿ ನಿಂತರು. ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ತಜ್ಞರ ಸಮಿತಿ ಈ ಸಾವುಗಳನ್ನು ಪರಿಶೀಲಿಸಿತು. ಕೆಲವು ಸಾವುಗಳಿಗೆ ಹೃದಯ ಕಾರಣವೇ ಆಗಿರಲಿಲ್ಲ. ಉಳಿದವುಗಳಲ್ಲಿ ಹೊಸ ರೋಗವೇನೂ ಕಾಣಲಿಲ್ಲ. ಕಂಡದ್ದು ಹಳೆಯ ಶತ್ರುಗಳೇ: ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಮದ್ಯ. ಜನರ ಹೆದರಿಕೆ ಕೆಲವೇ ವಾರಗಳಲ್ಲಿ ಇಳಿಯಿತು. ಆದರೆ ಸಾಲಿನಲ್ಲಿ ನಿಂತ ಅಷ್ಟು ಜನರಲ್ಲಿ, ‘ನಿಮಗೆ ರಾತ್ರಿ ನಿದ್ದೆ ಬರುತ್ತದೆಯೇ, ಮನಸ್ಸಿಗೆ ಏನಾದರೂ ಭಾರವಿದೆಯೇ’ ಎಂಬ ಪ್ರಶ್ನೆಯನ್ನು ಎಷ್ಟು ಮಂದಿ ಕೇಳಿಸಿಕೊಂಡಿರಬಹುದು?

ಸರಿದುಹೋಗದ ಹಾವು

ಮನಸ್ಸಿಗೂ ಹೃದಯಕ್ಕೂ ಇರುವ ನಂಟು ನಮ್ಮ ಹಿರಿಯರಿಗೆ ತಿಳಿಯದ್ದಲ್ಲ. ‘ಎದೆಯೊಡೆದು ಸತ್ತ’ ಎಂಬ ಮಾತು ಕನ್ನಡದಲ್ಲಿ ಬಹಳ ಹಳೆಯದು. 1990ರಲ್ಲಿ ಜಪಾನಿನ ವೈದ್ಯರು ಇಂಥದೇ ಒಂದು ಹೃದ್ರೋಗವನ್ನು ಗುರುತಿಸಿ ಹೆಸರಿಟ್ಟರು. ಮನೆಯವರ ಸಾವಿನಂತಹ ದೊಡ್ಡ ದುಃಖ ಎರಗಿದಾಗ, ರಕ್ತನಾಳ ಕಟ್ಟಿಕೊಳ್ಳದೆಯೂ ಹೃದಯದ ಮಾಂಸಖಂಡ ಸೋತು ಉಬ್ಬುತ್ತದೆ. ಅದರ ಆಕಾರ ಅಲ್ಲಿನ ಬೆಸ್ತರು ಆಕ್ಟೋಪಸ್ ಹಿಡಿಯಲು ಬಳಸುವ ಗಡಿಗೆಯಂತೆ ಕಂಡದ್ದರಿಂದ ‘ತಕೊತ್ಸುಬೊ’ ಎಂದೇ ಕರೆದರು. ವಯಸ್ಸಾದ ಹೆಂಗಸರಲ್ಲಿ ಇದು ಹೆಚ್ಚು.

ಇದು ಅಪರೂಪದ ಮಾತಾಯಿತು. ದಿನನಿತ್ಯದ ಚಿಂತೆ ಮಾಡುವ ಕೆಲಸ ಇನ್ನೂ ನಿಧಾನದ್ದು. ತೋಟದ ಬಸಿಗಾಲುವೆ ದಾಟುವಾಗ ಎದುರಿಗೆ ಕಾಳಿಂಗ ಸರ್ಪ ಹೆಡೆಯೆತ್ತಿ ನಿಂತರೆ ಎದೆ ಡವಡವ ಹೊಡೆದುಕೊಳ್ಳುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ರಕ್ತಕ್ಕೆ ಸೇರುತ್ತವೆ. ರಕ್ತದೊತ್ತಡ ಏರುತ್ತದೆ, ರಕ್ತದಲ್ಲಿ ಸಕ್ಕರೆ ಹೆಚ್ಚುತ್ತದೆ. ಓಡುವುದಕ್ಕೆ ಬೇಕಾದ ಸಿದ್ಧತೆ ಇದು. ಹಾವು ಸರಿದುಹೋದ ಸ್ವಲ್ಪ ಹೊತ್ತಿಗೆ ಎಲ್ಲವೂ ತಹಬಂದಿಗೆ ಬರುತ್ತದೆ.

ಆದರೆ ಸಾಲದ ನೋಟೀಸು ಸರಿದುಹೋಗುವ ಹಾವಲ್ಲ. ಎಲೆಚುಕ್ಕೆ ರೋಗ ಹತ್ತಿದ ತೋಟ ಬೆಳಗಾದರೆ ಕಣ್ಣೆದುರಿಗೇ ಇರುತ್ತದೆ. ಆಗ ದೇಹ ತಿಂಗಳುಗಟ್ಟಲೆ ಹಾವಿನ ಎದುರಿಗೇ ನಿಂತಂತೆ ಇರುತ್ತದೆ. ಒತ್ತಡ ಏರಿದ್ದು ಇಳಿಯುವುದಿಲ್ಲ, ನಿದ್ದೆ ಕೆಡುತ್ತದೆ, ರಕ್ತನಾಳಗಳ ಒಳಗೋಡೆ ಸವೆಯುತ್ತದೆ.

ಇದು ಬರಿಯ ಊಹೆಯಲ್ಲ. ಭಾರತವೂ ಸೇರಿ 52 ದೇಶಗಳಲ್ಲಿ ನಡೆದ ‘ಇಂಟರ್‌ಹಾರ್ಟ್’ ಎಂಬ ದೊಡ್ಡ ಅಧ್ಯಯನದ ವರದಿ 2004ರಲ್ಲಿ ಪ್ರಕಟವಾಯಿತು. ಹೃದಯಾಘಾತವಾದವರು ಮತ್ತು ಆಗದವರು ಸೇರಿ 30,000ಕ್ಕೆ ಹತ್ತಿರ ಜನರನ್ನು ಅದು ಹೋಲಿಸಿ ನೋಡಿತು. ಮನೆಯಲ್ಲೋ ಕೆಲಸದಲ್ಲೋ ಸದಾ ಒತ್ತಡವಿದೆ ಎಂದವರಲ್ಲಿ ಹೃದಯಾಘಾತದ ಸಂಭವ ಸುಮಾರು ಎರಡು ಪಟ್ಟು ಎಂದು ಕಂಡುಬಂದಿತು. ಅದೇ ಅಧ್ಯಯನದ ಇನ್ನೊಂದು ಅಂಶ ನಮಗೆ ಹೆಚ್ಚು ಸಂಬಂಧಿಸಿದ್ದು. ಭಾರತ ಮತ್ತು ನೆರೆಯ ದೇಶಗಳವರಿಗೆ ಮೊದಲ ಹೃದಯಾಘಾತ ಸುಮಾರು 53ನೆಯ ವಯಸ್ಸಿಗೆ ಆದರೆ, ಉಳಿದ ದೇಶಗಳವರಿಗೆ 59ರ ಹತ್ತಿರ ಆಗುತ್ತಿತ್ತು. ಮನೆಯ ಹೊಣೆ ಇನ್ನೂ ಹೆಗಲ ಮೇಲಿರುವಾಗಲೇ ನಮ್ಮವರು ಬೀಳುತ್ತಾರೆ ಎಂದು ಇದರ ಅರ್ಥ.

ನಮ್ಮ ಸೀಮೆಯ ಭಾರ

‘ಒಳ್ಳೆಯ ಗಾಳಿ, ಒಳ್ಳೆಯ ನೀರು, ಗುಡ್ಡ ಹತ್ತಿ ಇಳಿಯುವ ದುಡಿಮೆ, ನಮಗೆಲ್ಲಿಯ ಹೃದ್ರೋಗ’ ಎಂಬ ಮಾತು ಮಲೆನಾಡಿನಲ್ಲಿ ಈಗಲೂ ಕೇಳಿಬರುತ್ತದೆ. ಗಾಳಿ, ನೀರು ಒಳ್ಳೆಯದೇ. ಆದರೆ ಉಳಿದದ್ದು ಬದಲಾಗಿದೆ. ನಡೆದುಹೋಗುತ್ತಿದ್ದ ಸೊಸೈಟಿಗೆ ಈಗ ಬೈಕು ಬಂದಿದೆ. ಮಳೆಗಾಲದ ಊಟಕ್ಕೆ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿಯ ಉಪ್ಪು ಮಾತ್ರ ಹಿಂದಿನಷ್ಟೇ ಉಳಿದಿದೆ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚದಷ್ಟು ಉಪ್ಪಿಗಿಂತ ಹೆಚ್ಚು ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕವಳದಲ್ಲಿನ ಹೊಗೆಸೊಪ್ಪು ಹೃದಯದ ಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ.

ಇದರ ಮೇಲೆ ಮನಸ್ಸಿನ ಹೊರೆ. ಎಲೆಚುಕ್ಕೆ ಕೆಲವು ವರ್ಷಗಳಿಂದ ತೀರ್ಥಹಳ್ಳಿ, ಹೊಸನಗರ ತಾಲೂಕುಗಳ ತೋಟಗಳನ್ನು ಹಿಂಡುತ್ತಿದೆ. ಅಡಿಕೆಯ ಧಾರಣೆ ಇವತ್ತಿನಂತೆ ನಾಳೆ ಇಲ್ಲ. ಕೊನೆಗಾರರು ಸಿಗುವುದಿಲ್ಲ. ಮಂಗಗಳ ಹಾವಳಿ ಬೇರೆ. ಸಾಗರ ತಾಲೂಕಿನಲ್ಲಿ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನಿಂದ ಎತ್ತಂಗಡಿಯಾದ ಕುಟುಂಬಗಳಲ್ಲಿ ಎಷ್ಟೋ ಜನ ಭೂಮಿಯ ಹಕ್ಕಿನ ಕಾಗದಕ್ಕಾಗಿ ತಲೆಮಾರುಗಟ್ಟಲೆ ಕಚೇರಿ ಅಲೆದಿದ್ದಾರೆ. ಮಕ್ಕಳು ಬೆಂಗಳೂರಿನಲ್ಲಿ, ಒಂಟಿಮನೆಯಲ್ಲಿ ಮುದುಕ-ಮುದುಕಿ ಇಬ್ಬರೇ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಲ್ಲಿ ಜೂನ್ ಕಳೆದರೆ ದಿನಗಟ್ಟಲೆ ಬಿಸಿಲಿಲ್ಲ. ವಿದ್ಯುತ್ತಿಲ್ಲ, ಫೋನಿಲ್ಲ, ಎದುರಿಗೆ ಮಾತನಾಡುವವರಿಲ್ಲ.

ದುಶ್ಚಟ ಬೇರೆ, ಚಿಂತೆ ಬೇರೆ ಎಂದು ಎಣಿಸುವುದೇ ತಪ್ಪು. ಮನಸ್ಸಿನ ತಳಮಳ ತಡೆಯಲಾಗದೆ ಇನ್ನೊಂದು ಬೀಡಿ ಹಚ್ಚುತ್ತಾನೆ. ನಿದ್ದೆ ಬಾರದ್ದಕ್ಕೆ ‘ಚಳಿಗೆ’ ಎಂದು ಹೇಳಿಕೊಂಡು ಕುಡಿಯುತ್ತಾನೆ. ‘ಯಾರಿಗಾಗಿ ಬದುಕಬೇಕು’ ಎನ್ನಿಸಿದವನು ರಕ್ತದೊತ್ತಡದ ಗುಳಿಗೆಯನ್ನು ತಾಕಿನಲ್ಲೇ ಬಿಡುತ್ತಾನೆ. ಅಂಥವನಿಗೆ ‘ಬೀಡಿ ಬಿಡು, ಉಪ್ಪು ಬಿಡು’ ಎಂದು ಭಾಷಣ ಮಾಡಿದರೆ ಏನು ಪ್ರಯೋಜನ? ಕಳೆಯ ತಲೆ ಕೊಯ್ದು ಬೇರು ಬಿಟ್ಟಂತೆ. ಹೃದಯ ಉಳಿಸುವ ಕೆಲಸದಲ್ಲಿ ಮನಸ್ಸನ್ನು ವಿಚಾರಿಸುವುದೂ ಸೇರಬೇಕು ಎಂಬುದೇ ನನ್ನ ವಾದ.

ಒಮ್ಮೆ ಹೃದಯಾಘಾತವಾಗಿ ಬದುಕಿ ಮನೆಗೆ ಬಂದವರ ವಿಷಯದಲ್ಲಿ ಇದು ಇನ್ನೂ ನಿಜ. ಅವರಲ್ಲಿ ಸುಮಾರು ಐವರಿಗೆ ಒಬ್ಬರು ತೀವ್ರ ಖಿನ್ನತೆಗೆ ಒಳಗಾಗುತ್ತಾರೆ. ಖಿನ್ನತೆ ಹಿಡಿದವರು ಚೇತರಿಸಿಕೊಳ್ಳುವುದು ನಿಧಾನ, ಮತ್ತೆ ಅಪಾಯಕ್ಕೆ ಸಿಕ್ಕುವುದು ಹೆಚ್ಚು. ‘ಆಪರೇಶನ್ ಆಗಿದೆ, ಇನ್ನೇನು ಯೋಚನೆ’ ಎಂದು ಮನೆಯವರು ಸುಮ್ಮನಾಗಬಾರದು.

ಟೆನ್ಷನ್ ಎಂದು ಕೂರಬೇಡಿ

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಚಿಂತೆಯಿಂದ ಹೃದ್ರೋಗ ಬರುತ್ತದೆ ಎಂದ ಮಾತ್ರಕ್ಕೆ ಎದೆನೋವು ಬಂದಾಗ ‘ಟೆನ್ಷನ್ ಇರಬೇಕು, ಗ್ಯಾಸ್ ಇರಬೇಕು’ ಎಂದು ಜೀರಿಗೆ ಕಷಾಯ, ಸೋಡಾ ಕುಡಿದು ಮಲಗುವಂತಿಲ್ಲ. ಎದೆ ಹಿಂಡಿದಂತಾಗಿ ನೋವು ಎಡಗೈಗೋ ದವಡೆಗೋ ಬೆನ್ನಿಗೋ ಹರಿದರೆ, ತಣ್ಣನೆ ಬೆವರಿದರೆ, ಉಸಿರು ಕಟ್ಟಿದರೆ ಕೂಡಲೇ ಹೊರಡಬೇಕು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರಿಯ ಸುಸ್ತು, ಏದುಸಿರು, ವಾಕರಿಕೆ ಕಾಣಬಹುದು. ಹೆದರಿಕೆಯಿಂದ ಬಂದ ಎದೆನೋವೋ, ಹೃದಯಾಘಾತವೋ ಎಂದು ಮನೆಯಲ್ಲಿ ಕುಳಿತು ತೀರ್ಮಾನಿಸಲು ಸಾಧ್ಯವಿಲ್ಲ. ಅದಕ್ಕೆ ಇ.ಸಿ.ಜಿ. ತೆಗೆಸಿ ವೈದ್ಯರೇ ನೋಡಬೇಕು.

ಆಗುಂಬೆಯವರಿಗೆ ತೀರ್ಥಹಳ್ಳಿ 30 ಕಿ.ಮೀ.ಗೂ ದೂರ. 14 ತಿರುವುಗಳ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವುದಾದರೆ 50 ಕಿ.ಮೀ.ಗೂ ಹೆಚ್ಚು, ಮಳೆಗಾಲದಲ್ಲಿ ಗುಡ್ಡ ಜರಿಯುವ ಭಯ ಬೇರೆ. ಹೃದಯಾಘಾತದಲ್ಲಿ ಮೊದಲ ಒಂದು ಗಂಟೆ ಬಂಗಾರದಂಥದು. 2021ರಲ್ಲಿ ತೀರಿಕೊಂಡ ನಟ ಪುನೀತ್ ರಾಜಕುಮಾರ್ ಅವರ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲೂಕು ಮಟ್ಟದ ಆಸ್ಪತ್ರೆಯಲ್ಲೇ ಇ.ಸಿ.ಜಿ. ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರ ಸಲಹೆ ಪಡೆದು, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಇದು ಸಿಗುತ್ತದೆ ಎಂದು ಕಾಯಿಲೆ ಬರುವ ಮುಂಚೆಯೇ ವಿಚಾರಿಸಿಟ್ಟುಕೊಳ್ಳಿ. ಆಂಬುಲೆನ್ಸಿಗೆ 108.

ತೀರ್ಥಹಳ್ಳಿ ಕಲಿಸಿದ ಪಾಠ

‘ಮನಸ್ಸಿನ ಡಾಕ್ಟರ ಹತ್ತಿರ ಹೋದರೆ ಹುಚ್ಚ ಎನ್ನುತ್ತಾರೆ, ಅದೂ ಅಲ್ಲದೆ ಅಂಥ ವೈದ್ಯ ಹಳ್ಳಿಯಲ್ಲಿ ಎಲ್ಲಿ’ ಎಂದು ಕೇಳುವವರಿದ್ದಾರೆ. ಉತ್ತರ ಬೇರೆಲ್ಲೂ ಹುಡುಕಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2005ರಿಂದ ತೀರ್ಥಹಳ್ಳಿ ತಾಲೂಕಿನಲ್ಲಿಯೇ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗದವರನ್ನು ಹಳ್ಳಿಹಳ್ಳಿಯಲ್ಲಿ ಗುರುತಿಸಿ ಚಿಕಿತ್ಸೆ ಕೊಡುವ ಕಾರ್ಯಕ್ರಮ ನಡೆಸಿತು. ಚಿಕಿತ್ಸೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿದ ವರದಿ 2009ರಲ್ಲಿ ಹೊರಬಂತು. ಒಂದು ವರ್ಷದಲ್ಲಿ ಚಿಕಿತ್ಸೆ ಪಡೆದವರು ದುಡಿಮೆಗೆ, ಮನೆವಾರ್ತೆಗೆ ಹೆಚ್ಚು ಸಮರ್ಥರಾಗಿದ್ದರು. ಅಷ್ಟು ಕಠಿಣ ಕಾಯಿಲೆಯನ್ನೇ ಊರಲ್ಲಿಟ್ಟುಕೊಂಡು ಹತೋಟಿಗೆ ತರಬಹುದಾದರೆ, ಖಿನ್ನತೆಗೆ, ಆತಂಕಕ್ಕೆ ಸಾಧ್ಯವಿಲ್ಲವೇ? ಅಂದಹಾಗೆ, ತೀವ್ರ ಮನೋರೋಗಿಗಳು ಉಳಿದವರಿಗಿಂತ 10ರಿಂದ 20 ವರ್ಷ ಮುಂಚೆ ಸಾಯುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವರ ಸಾವಿಗೆ ಹೃದ್ರೋಗವೂ ಒಂದು ಮುಖ್ಯ ಕಾರಣ. ಎರಡರ ನಂಟಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಮಾಡಬೇಕಾದ್ದೇನು?

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಾಗಲಿ, ಮನೆಗೆ ಬರುವ ಆಶಾ ಕಾರ್ಯಕರ್ತೆಯಾಗಲಿ ರಕ್ತದೊತ್ತಡ ನೋಡುವಾಗ ಎರಡು ಪ್ರಶ್ನೆ ಹೆಚ್ಚಿಗೆ ಕೇಳಲಿ. ಕಳೆದ ಎರಡು ವಾರಗಳಲ್ಲಿ ಯಾವ ಕೆಲಸದಲ್ಲೂ ಆಸಕ್ತಿ ಇಲ್ಲದಂತಾಗಿತ್ತೇ? ಮನಸ್ಸು ಕುಗ್ಗಿ, ಏನೂ ಭರವಸೆ ಇಲ್ಲವೆನ್ನಿಸಿತ್ತೇ? ವೈದ್ಯಲೋಕದಲ್ಲಿ ಖಿನ್ನತೆಯನ್ನು ಹುಡುಕಲು ಮೊದಲು ಕೇಳುವ ಪ್ರಶ್ನೆಗಳಿವು. ಇದಕ್ಕೆ ಯಂತ್ರ ಬೇಡ, ಖರ್ಚಿಲ್ಲ, ಎರಡು ನಿಮಿಷ ಸಾಕು. ‘ಹೌದು’ ಎಂದವರನ್ನು ವೈದ್ಯರಲ್ಲಿಗೆ ಕಳಿಸಬೇಕು.

ಮ್ಯಾಮ್ಕೋಸ್‌ನಂತಹ ಅಡಿಕೆ ಸಹಕಾರ ಸಂಘಗಳೂ ಊರಿನ ಸೊಸೈಟಿಗಳೂ ವಾರ್ಷಿಕ ಸಭೆಯ ದಿನ ಲೆಕ್ಕಪತ್ರದ ಜೊತೆಗೆ ರಕ್ತದೊತ್ತಡ, ಸಕ್ಕರೆ ತಪಾಸಣೆಯನ್ನೂ ಇಟ್ಟುಕೊಳ್ಳಲಿ. ಮೂವತ್ತು ದಾಟಿದ ಪ್ರತಿ ಸದಸ್ಯನೂ ಅವನ ಮನೆಯಾಕೆಯೂ ತೋರಿಸಿಕೊಳ್ಳಲಿ. ಸಾಲ ಬಾಕಿಯವನಿಗೆ ನೋಟೀಸು ಕಳಿಸುವ ಮುನ್ನ ಒಬ್ಬ ನಿರ್ದೇಶಕ ಅವನ ಮನೆಗೆ ಹೋಗಿ ಕುಳಿತು ಮಾತನಾಡಿದರೆ ಸಂಘಕ್ಕೆ ನಷ್ಟವಿಲ್ಲ.

ನಮ್ಮ ನಮ್ಮ ಮಟ್ಟಿಗೆ ಮಾಡುವುದೂ ಬಹಳವಿದೆ. ಒತ್ತಡದ ಗುಳಿಗೆಯನ್ನು ‘ಈಗ ಆರಾಮಿದೆ’ ಎಂದು ಬಿಡಬಾರದು. ಎರಡನೆಯ ಸಲದ ಬೋರ್ಡೋ ತಪ್ಪಿಸಿದರೆ ಏನಾಗುತ್ತದೆ ಎಂಬುದು ಗೊತ್ತಿದೆಯಲ್ಲ! ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆಯಬೇಕು. ಹೊಗೆಸೊಪ್ಪು, ಬೀಡಿ ಬಿಡಲೇಬೇಕು. ಬಿಡಲಾಗದಿದ್ದರೆ ಅದಕ್ಕೂ ವೈದ್ಯರ ನೆರವಿದೆ. ಮನಸ್ಸು ತೀರ ಕುಗ್ಗಿದಾಗ, ಬದುಕೇ ಬೇಡವೆನ್ನಿಸಿದಾಗ 14416ಕ್ಕೆ ಫೋನ್ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಯಿದು. ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ.

ಕೊನೆಯ ಮಾತು ನೆರೆಹೊರೆಯವರಿಗೆ. ಮಳೆಗಾಲದಲ್ಲಿ ಒಂಟಿಮನೆಯ ಹಿರಿಯರನ್ನು ವಾರಕ್ಕೊಮ್ಮೆ ಹೋಗಿ ಮಾತನಾಡಿಸಿ. ಗುಳಿಗೆ ತೀರಿದೆಯೇ ಎಂದು ಕೇಳಿ, ನಿದ್ದೆ ಬರುತ್ತದೆಯೇ ಎಂದೂ ಕೇಳಿ. ಊರ ವಾಚನಾಲಯದ ಗೋಡೆಯ ಮೇಲೆ 108, 14416 ಮತ್ತು ಹತ್ತಿರದ ಇ.ಸಿ.ಜಿ. ಇರುವ ಆಸ್ಪತ್ರೆಯ ಫೋನ್ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಹಚ್ಚಿ. ಈ ಕೆಲಸಕ್ಕೆ ಸರ್ಕಾರದ ಆದೇಶಕ್ಕಾಗಿ ಯಾರೂ ಕಾಯಬೇಕಾಗಿಲ್ಲ.